ಬೆಲ್ಲದ ನೀರು, ಮುರಿದ ಮೂಗು

ನನ್ನ ಮೂಗು ಮುರಿದವನು, ಹಾಸಿಗೆಯಿಂದ ಎದ್ದರೆ ಕಾಲು ನಡುಗುತ್ತಿದ್ದ ಒಬ್ಬ ರೋಗಿ. ಹೀಗೆಂದರೆ ಜನ ನಗುತ್ತಾರೆ. ನಗಲಿ. ದಿನಾ ಬೆಳಿಗ್ಗೆ ಬೊರಿವಲಿಯ ನಮ್ಮ ಮನೆಯ ಕನ್ನಡಿಯಲ್ಲಿ ಈ ಸೊಟ್ಟ ಮೂಗನ್ನು ನೋಡುವವಳು ನಾನು. ನನಗೆ ನಗು ಬರುವುದಕ್ಕೆ ಬಹಳ ಕಾಲ ಹಿಡಿಯಿತು.

ಬಾಂದ್ರಾದ ಒಂದು ಆಸ್ಪತ್ರೆಯಲ್ಲಿ ಕರುಳಿನ ಉರಿಯೂತದ ರೋಗಿಗಳ ಆಹಾರದ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ನಾನು ಡಾಕ್ಟರಲ್ಲ, ಆಹಾರಶಾಸ್ತ್ರ ಓದಿದವಳು. ವಾರ್ಡಿನಲ್ಲಿ ನನ್ನನ್ನು ‘ಡಯಟ್‌ವಾಲಿ ಮೇಡಂ’ ಅನ್ನುತ್ತಾರೆ. ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ ಎಂದು ಹೇಳಿ ಸಂಬಳ ತೆಗೆದುಕೊಳ್ಳುವ ಹೆಂಗಸು ಎಂಬುದು ಹೆಚ್ಚಿನವರ ತಿಳುವಳಿಕೆ. ಅದನ್ನು ತಿದ್ದುವ ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಕ್ರೋನ್ಸ್ ಕಾಯಿಲೆಯನ್ನು ನಾನು ಯಾವತ್ತೂ ನಯವಾದ ಮಾತಿನಲ್ಲಿ ವಿವರಿಸಿಲ್ಲ. ಅದು ಹೊಡೆದಾಟ. ದೇಹದ ಕಾವಲಿಗೆಂದು ಇರುವ ಪಡೆ ಹೊರಗಿನ ಶತ್ರುವನ್ನು ಬಿಟ್ಟು ತನ್ನದೇ ಕರುಳಿನ ಮೇಲೆ ಬೀಳುತ್ತದೆ. ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ, ಗಾಯ ಮಾಗಿದ ಜಾಗದಲ್ಲಿ ಕರುಳು ಗಟ್ಟಿಯಾಗಿ ಕಿರಿದಾಗುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕೊನೆಗೆ ಉಣ್ಣುವುದಕ್ಕೇ ಹೆದರಿಕೆ ಶುರುವಾಗುತ್ತದೆ. ಆಮೇಲೆ ದೇಹ ತನ್ನ ಕೊಬ್ಬನ್ನು ತಿಂದು ಮುಗಿಸಿ ಸ್ನಾಯುಗಳಿಗೆ ಬಾಯಿ ಹಾಕುತ್ತದೆ. ಇಂಥ ದೇಹ ಸುಮ್ಮನೆ ಮಲಗಿದ್ದಾಗ ಎಷ್ಟು ಉರಿಸುತ್ತದೆ, ಏನನ್ನು ಉರಿಸುತ್ತದೆ ಎಂಬುದು ನಮ್ಮ ಅಧ್ಯಯನದ ಪ್ರಶ್ನೆಯಾಗಿತ್ತು.

ಅದನ್ನು ಅಳೆಯಲು ಒಂದು ಯಂತ್ರವಿತ್ತು. ಮಲಗಿದವನ ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಮ್ಮಟ ಇಟ್ಟು, ಕುತ್ತಿಗೆಯ ಸುತ್ತ ತೆಳುವಾದ ಹಾಳೆ ಸಿಕ್ಕಿಸಬೇಕು. ಅವನು ಒಳಗೆಳೆದ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಯಂತ್ರ ಅಳೆಯುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ದೇಹ ಕೊಬ್ಬನ್ನು ಉರಿಸುತ್ತಿದ್ದರೆ ಆ ಸಂಖ್ಯೆ ಸೊನ್ನೆ ಬಿಂದು ಏಳರ ಹತ್ತಿರ ಇರುತ್ತದೆ. ಸಕ್ಕರೆ, ಪಿಷ್ಟ ಉರಿಯುತ್ತಿದ್ದರೆ ಒಂದರ ಹತ್ತಿರ. ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ ಒಳಗೆ ಬಿದ್ದು, ದೇಹ ಅದನ್ನು ಕೊಬ್ಬು ಮಾಡತೊಡಗಿದರೆ ಸಂಖ್ಯೆ ಒಂದನ್ನು ದಾಟುತ್ತದೆ. ಮನುಷ್ಯ ಸುಳ್ಳು ಹೇಳಬಹುದು, ಅವನ ಉಸಿರು ಹೇಳಲಾರದು. ನನಗೆ ಆ ಯಂತ್ರದ ಮೇಲೆ ಇದ್ದ ಪ್ರೀತಿಗೆ ಇದೇ ಕಾರಣ.

ಆ ರೋಗಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಕಾವಲಿಯವನು, ಅಂದರೆ ದೋಸೆಯ ಕಾವಲಿಯ ಮುಂದೆ ನಿಲ್ಲುವವನು. ವರ್ಷಗಟ್ಟಲೆ ಹೊಟ್ಟೆನೋವು. ಮೊದಲು ಗ್ಯಾಸ್ ಅಂದರು. ಆಮೇಲೆ ಕರುಳಿನ ಕ್ಷಯ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಈ ಎರಡು ಕಾಯಿಲೆಗಳು ನೋಡಲು ಅಣ್ಣತಮ್ಮಂದಿರ ಹಾಗೆ, ನಮ್ಮ ದೇಶದಲ್ಲಿ ದೊಡ್ಡ ದೊಡ್ಡವರೂ ಅಲ್ಲಿ ಎಡವುತ್ತಾರೆ. ನಮ್ಮಲ್ಲಿಗೆ ಬರುವಾಗ ಅವನ ತೋಳು ನನ್ನ ಮಣಿಕಟ್ಟಿನಷ್ಟು ದಪ್ಪ ಇತ್ತು. ಸಣ್ಣ ಕರುಳಿನ ಕೊನೆ ಮುಚ್ಚಿಹೋಗುವುದರಲ್ಲಿತ್ತು.

ಸರ್ಜನ್ ನೋಡಿ, ಆಪರೇಷನ್ ಆಗಲೇಬೇಕು, ಆದರೆ ಈಗ ಮಾಡುವುದಿಲ್ಲ ಎಂದರು. ಇಷ್ಟು ಸೊರಗಿದ ದೇಹದಲ್ಲಿ ಹೊಲಿಗೆ ನಿಲ್ಲುವುದಿಲ್ಲ. ಕರುಳು ಬಿಚ್ಚಿಕೊಂಡರೆ ಅಲ್ಲಿಗೆ ಮುಗಿಯಿತು. ಮೊದಲು ಅವನ ಮೈಗೆ ಏನಾದರೂ ಹತ್ತಿಸಿ, ಆಮೇಲೆ ನನ್ನನ್ನು ಕರೆಯಿರಿ ಎಂದು ಹೋದರು. ಹತ್ತಿಸುವ ಕೆಲಸ ನನ್ನ ತಲೆಗೆ ಬಂತು. ಮೊದಲ ದಿನ ನಾನು ಅವನ ಕೈಗೆ ಮುಷ್ಟಿಯ ಬಲ ಅಳೆಯುವ ಉಪಕರಣ ಕೊಟ್ಟೆ. ಹಿಡಿಯನ್ನು ಅಮುಕಿದರೆ ಮುಳ್ಳು ತಿರುಗಬೇಕು. ಅವನು ಹಲ್ಲು ಕಚ್ಚಿ ಅಮುಕಿದ. ಮುಳ್ಳು ಅಲುಗಾಡಿದ ಹಾಗೆ ಮಾಡಿ ನಿಂತುಬಿಟ್ಟಿತು.

“ದೋಸೆ ಮಗುಚುವ ಕೈ ಮೇಡಂ ಇದು,” ಅಂದ. ನಾಚಿಕೆಯಿಂದ ಅವನ ಮುಖ ಕೆಂಪಾಗಿತ್ತು.

ಪಕ್ಕದಲ್ಲಿ ನಿಂತಿದ್ದವರು ಅವನ ಸೋದರಮಾವ, ಆ ಹೋಟೆಲಿನ ಧಣಿ. ಬಿಳಿ ಪ್ಯಾಂಟು, ಬಿಳಿ ಅಂಗಿ, ಹಣೆಯಲ್ಲಿ ಗಂಧ. ಅಳಿಯನನ್ನು ಚಿಕ್ಕವಯಸ್ಸಿನಲ್ಲಿ ಊರಿನಿಂದ ಕರೆತಂದು ಕೆಲಸ ಕಲಿಸಿದವರು ಅವರೇ. ಅವರಿಗೆ ಮಕ್ಕಳಿಲ್ಲ. ಗಲ್ಲಾ ಬೇರೆಯವರ ಕೈಗೆ ಕೊಟ್ಟು ಹಗಲಿಡೀ ವಾರ್ಡಿನ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಕನ್ನಡದವಳು ಎಂದು ಗೊತ್ತಾದ ಕೂಡಲೇ ಸ್ಟೀಲ್ ಡಬ್ಬಿ ತೆರೆದು ಒಂದು ತುಂಡು ಕಪ್ಪು ಬೆಲ್ಲ, ಒಂದು ಲೋಟ ನೀರು ಮುಂದಿಟ್ಟರು. ಅವರ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಕೊಡುವುದು ಅದು. ಅದಕ್ಕೆ ಆಸರಿಗೆ ಅನ್ನುತ್ತಾರೆ. ಅದನ್ನು ಕೊಡದೆ ಮಾತು ಶುರುಮಾಡುವ ಮನೆ ಅವರಲ್ಲಿಲ್ಲ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಚೆನ್ನಾಗಿತ್ತು.

ಆಮೇಲೆ ಅವರಿಗೆ ವಿಷಯ ಹೇಳಿದೆ. ಮೂಗಿನ ಮೂಲಕ ನಳಿಗೆ ಇಳಿಸಿ ಅದರಲ್ಲಿ ತಯಾರಾದ ದ್ರವಾಹಾರವನ್ನು ಹಗಲೂ ರಾತ್ರಿ ಹನಿ ಹನಿಯಾಗಿ ಬಿಡುತ್ತೇವೆ. ಬಾಯಿಗೆ ಬರಿ ನೀರು, ಬೇರೇನೂ ಇಲ್ಲ. ಮೊದಲ ದಿನಗಳಲ್ಲಿ ಅವನಿಗೆ ಬೇಕಾದ್ದರ ಕಾಲು ಭಾಗ ಮಾತ್ರ.

“ಕಾಲು ಭಾಗವಾ,” ಅಂದರು ಧಣಿ. “ನಮ್ಮ ಹೋಟ್ಲಿನ ಹಿಂದೆ ಬರುವ ಬೆಕ್ಕಿಗೆ ಅದಕ್ಕಿಂತ ಜಾಸ್ತಿ ಹಾಕ್ತೇವೆ ಮೇಡಂ. ಉಪವಾಸ ಇದ್ದವನಿಗೆ ಹೊಟ್ಟೆ ತುಂಬ ಕೊಡುದಲ್ವಾ?”

“ಅಲ್ಲ. ತುಂಬ ದಿನ ಹಸಿದ ದೇಹಕ್ಕೆ ಒಂದೇ ಸಲಕ್ಕೆ ಸಿಹಿ, ಅನ್ನ ಬಿದ್ದರೆ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಎಲ್ಲ ಜೀವಕೋಶಗಳ ಒಳಗೆ ನುಗ್ಗುತ್ತೆ. ರಕ್ತ ಬರಿದಾಗುತ್ತೆ. ಹೃದಯ ನಿಂತುಹೋಗಬಹುದು, ತಲೆ ಕೆಡಬಹುದು. ಅದಕ್ಕೇ ನಿಧಾನ.”

ಅವರು ತಲೆ ಆಡಿಸಿದರು. ಒಪ್ಪಿಕೊಂಡರು ಎಂದುಕೊಂಡೆ. ಒಪ್ಪಿಕೊಂಡೂ ಇದ್ದರು. ಊಟದ ವಿಷಯದಲ್ಲಿ ಆ ಮನುಷ್ಯ ಕೊಟ್ಟ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ.

ಬೆಳಗಿನ ಹೊತ್ತು ಯಂತ್ರ ಐಸಿಯುನಲ್ಲಿ ಇರುತ್ತಿತ್ತು. ಹಾಗಾಗಿ ನನ್ನ ಅಳತೆ ಸಂಜೆಗೆ ಸ್ವಲ್ಪ ಮುಂಚೆ. ಮೊದಲ ಅಳತೆಯಲ್ಲಿ ಸಂಖ್ಯೆ ಸೊನ್ನೆ ಬಿಂದು ಏಳರ ಮೇಲೆ ಒಂದಿಷ್ಟು. ಹಸಿದ ದೇಹ ಕೊಬ್ಬು ತಿನ್ನುತ್ತಿದೆ, ಇರಬೇಕಾದ್ದೇ ಹೀಗೆ. ಎರಡು ದಿನ ಬಿಟ್ಟು ಮತ್ತೆ ಗುಮ್ಮಟ ಇಟ್ಟೆ. ಸಂಖ್ಯೆ ಒಂದನ್ನು ದಾಟಿತ್ತು.

ಕಾಲು ಹೊಟ್ಟೆ ಉಣ್ಣುವವನ ದೇಹ ಸಕ್ಕರೆಯನ್ನು ಕೊಬ್ಬು ಮಾಡುತ್ತಿದೆ ಎಂದರೆ ಯಾರು ನಂಬುತ್ತಾರೆ? ನಾನು ನಂಬಲಿಲ್ಲ. ಹಾಳೆಯ ಸಂದಿನಲ್ಲಿ ಗಾಳಿ ಸೋರಿರಬೇಕು ಎಂದುಕೊಂಡೆ. ಮರುದಿನ ಅಳತೆಯ ಗ್ಯಾಸ್ ಸಿಲಿಂಡರ್ ಜೋಡಿಸಿ ಯಂತ್ರವನ್ನು ತಾಳೆ ನೋಡಿದೆ. ಸರಿ ಇತ್ತು. ಆಮೇಲೆ ಸ್ಪಿರಿಟ್ ಪರೀಕ್ಷೆ. ಗುಮ್ಮಟದ ಒಳಗೆ ಅಳೆದ ಸ್ಪಿರಿಟ್ಟಿಗೆ ಬೆಂಕಿ ಹಚ್ಚಿ ನೋಡುವುದು. ಸ್ಪಿರಿಟ್ ಉರಿದರೆ ಯಾವ ಸಂಖ್ಯೆ ಬರಬೇಕೆಂದು ಮೊದಲೇ ಗೊತ್ತಿರುತ್ತದೆ. ನೀಲಿ ಜ್ವಾಲೆ ಆರುವವರೆಗೆ ಕುಳಿತೆ. ಬರಬೇಕಾದ್ದೇ ಬಂತು. ಪವಾಯಿಯಲ್ಲಿ ಇಂಥದ್ದೇ ಯಂತ್ರ ಇಟ್ಟುಕೊಂಡಿರುವ ಒಬ್ಬ ಗೆಳತಿಗೆ ಫೋನ್ ಮಾಡಿದರೆ ಅವಳು, “ಯಂತ್ರ ಸರಿ ಇದೆ ಕಣೆ. ನಿನ್ನ ಪೇಶೆಂಟ್ ಎಲ್ಲೋ ಜಿಲೇಬಿ ತಿಂತಿದ್ದಾನೆ ನೋಡು,” ಎಂದು ನಕ್ಕಳು. ನನಗೆ ಸಿಟ್ಟು ಬಂತು.

ಆ ಸಂಜೆ ಬಂದ ರಕ್ತದ ವರದಿಯಲ್ಲಿ ರಂಜಕ ಪಾತಾಳಕ್ಕೆ ಇಳಿದಿತ್ತು. ಕಾಲಿನ ಗಿಣ್ಣು ಊದಿತ್ತು. ದ್ರವಾಹಾರವನ್ನು ಇನ್ನೂ ಕಡಿಮೆ ಮಾಡಿಸಿದೆ, ರಂಜಕ ಕೊಡಿಸಿದೆ. ವಾರ್ಡಿನ ಹಿರಿಯ ಸಿಸ್ಟರ್, ನಿವೃತ್ತಿಗೆ ಹತ್ತಿರವಾದ ಮರಾಠಿ ಹೆಂಗಸು, ಅವನ ಮಂಚದ ಪಕ್ಕದ ಕಪಾಟನ್ನು ಒರೆಸುತ್ತ ಗೊಣಗಿದರು: “ಇಧರ್ ಹೀ ಇತ್ನಾ ಮುಂಗಿ ಕಾಯ್ಕೋ ಆತಾ ಹೈ?” ಕಪಾಟಿನ ಮೇಲೆ ಇರುವೆಗಳ ಸಾಲು, ಇಲ್ಲೇ ಯಾಕೆ ಇಷ್ಟು ಎಂದು ಅವರ ಪ್ರಶ್ನೆ. ಬಂದವರಿಗೆಲ್ಲ ಧಣಿ ಬೆಲ್ಲ ಕೊಡುತ್ತಾರಲ್ಲ, ಇರುವೆ ಬಾರದೆ ಏನು ಎಂದೆ. ಅಷ್ಟು ಹೇಳಿಯೂ ನನಗೆ ಹೊಳೆಯಲಿಲ್ಲ.

ಅವನು ಮಲಗಿದಲ್ಲೇ ಬಲಗೈಯನ್ನು ಹಾಸಿಗೆಯ ಮೇಲೆ ದುಂಡಗೆ ಸುತ್ತಿಸುತ್ತಿದ್ದ. ಒಳಗಿನಿಂದ ಹೊರಕ್ಕೆ, ಸುತ್ತು ದೊಡ್ಡದಾಗುತ್ತ. “ದೋಸಾ ಡಾಲ್ ರಹಾ ಹೈ,” ಎಂದು ಸಿಸ್ಟರ್ ನಕ್ಕರು. ಅವನು ನಗಲಿಲ್ಲ. ಅವನ ಕಣ್ಣು ನನ್ನನ್ನು ದಾಟಿ ಬೇರೆಲ್ಲೋ ಇತ್ತು.

ಮಾರನೆಯ ದಿನ ಗುಮ್ಮಟ ಇಟ್ಟಾಗ ಅವನ ಉಸಿರು ಜೋರಾಗಿತ್ತು. ಪ್ಲಾಸ್ಟಿಕ್ಕಿನ ಒಳಗೆ ಮಂಜು ಕಟ್ಟಿತು. ನಾನು ಬಗ್ಗಿ ಕುತ್ತಿಗೆಯ ಹಾಳೆ ಸರಿಮಾಡುತ್ತಿದ್ದೆ. ಅವನು “ಬುಡ್ಲೆ, ಬುಡ್ಲೆ” ಎಂದು ತುಳುವಿನಲ್ಲಿ ಕಿರುಚಿದ, ಬಿಡಿ ಬಿಡಿ ಎಂದು. ಗುಮ್ಮಟವನ್ನು ಎರಡೂ ಕೈಯಿಂದ ಕಿತ್ತು ಎತ್ತಿ ಅದರ ಅಂಚಿನಿಂದ ನನ್ನ ಮುಖಕ್ಕೆ ಅಪ್ಪಳಿಸಿದ. ಮೂಗಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಾಯಿ ತುಂಬ ಬಿಸಿ ರಕ್ತ. ಮುಳ್ಳನ್ನು ಅಲುಗಿಸಲಾರದ ಕೈಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಏಟು ಕಿವಿಯ ಮೇಲೆ ಬಿತ್ತು. ನಾನು ನೆಲಕ್ಕೆ ಬಿದ್ದೆ.

ಓಡಿಬಂದ ಸಿಸ್ಟರ್ ತೋಳನ್ನು ಅವನು ಕಚ್ಚಿದ. ಕಚ್ಚಿ ಬಿಡಲಿಲ್ಲ. ಸಲೈನ್ ಸ್ಟ್ಯಾಂಡನ್ನು ಒದ್ದು ಉರುಳಿಸಿದ. ಮೂಗಿನ ನಳಿಗೆಯನ್ನು ತಾನೇ ಎಳೆದು ಬಿಸಾಡಿದ. ಎದ್ದು ಓಡಲು ನೋಡಿ, ಕಾಲು ನಿಲ್ಲದೆ ಪಕ್ಕದ ಮಂಚದ ಮೇಲೆ ಬಿದ್ದ. ನಾಲ್ಕು ಜನ ವಾರ್ಡ್‌ಬಾಯ್‌ಗಳು ಸೇರಿ ಅವನನ್ನು ಎತ್ತಿ ಹಾಕಿ, ಬ್ಯಾಂಡೇಜಿನ ಸುರುಳಿಯಿಂದ ಕೈಕಾಲು ಮಂಚಕ್ಕೆ ಕಟ್ಟಿದರು. ಆ ಮೂಳೆಗಳ ಮೇಲೆ ಅವರ ಮೊಣಕಾಲು ಊರಿದ್ದನ್ನು ನೋಡಿ, ಪೆಟ್ಟು ತಿಂದ ನಾನೇ ಮೆಲ್ಲಗೆ ಮೆಲ್ಲಗೆ ಎಂದು ಕೂಗಿದೆ.

ರೆಸಿಡೆಂಟ್ ಡಾಕ್ಟರ್ ಬಂದ. ಎಳೆಯ ಹುಡುಗ, ಹಿಂದಿನ ದಿನದಿಂದ ನಿದ್ದೆಯಿಲ್ಲ. ಕುಡಿತ ಬಿಟ್ಟವರಿಗೆ ಹೀಗಾಗುತ್ತದೆ, ಹೋಟೆಲಿನವನಲ್ಲವಾ, ಕುಡಿಯುತ್ತಿದ್ದಿರಬೇಕು ಎಂದ. ಶಾಂತವಾಗಲು ಒಂದು ಇಂಜೆಕ್ಷನ್ ತರಲು ಹೇಳಿ, ಅದು ಬರುವವರೆಗೆ ಗ್ಲೂಕೋಸ್ ಡ್ರಿಪ್ ಹೋಗಲಿ ಎಂದು ಬಾಟಲಿ ತೂಗುಹಾಕಿಸಿದ. ನಾನು ಮೂಗಿಗೆ ಹತ್ತಿ ಒತ್ತಿಕೊಂಡು ಗೋಡೆಗೆ ಒರಗಿ ಕುಳಿತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ರೋಗಿಯ ಕಣ್ಣು. ಅದು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬದಿಗೆ ಸರಿದು, ಜಗ್ಗಿದ ಹಾಗೆ ವಾಪಸು ಬಂದು, ಮತ್ತೆ ಸರಿಯುತ್ತಿತ್ತು.

ಹೋಟೆಲಿನವರಿಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ. ಹಾಗಾಗಿ ದಿನವೂ ಆ ಹೊತ್ತಿಗೆ ಊರ ಕಡೆಯವರು ಗುಂಪಾಗಿ ಬರುತ್ತಿದ್ದರು, ಬೇರೆ ಬೇರೆ ಸಬರ್ಬಿನ ಹೋಟೆಲುಗಳಿಂದ. ಅವರನ್ನು ಕರೆತರಲು ಗೇಟಿಗೆ ಹೋಗಿದ್ದ ಧಣಿ ಅವರ ಜೊತೆ ಒಳಗೆ ಬಂದರು. ಅವರು ಕಂಡದ್ದು ಇಷ್ಟು: ಮಂಚಕ್ಕೆ ಕಟ್ಟಿದ ಹುಡುಗ, ಅವನ ಮುಖದ ಮೇಲೆ ರಕ್ತ, ಹಾಸಿಗೆಯ ಮೇಲೆ ರಕ್ತ, ಅವನ ಎದೆಯ ಮೇಲೆ ಬಗ್ಗಿದ ಡಾಕ್ಟರ್. ಆ ರಕ್ತ ನನ್ನದು, ಸಿಸ್ಟರದ್ದು ಎಂದು ಯಾರು ಹೇಳಬೇಕು?

“ಸಾಯಿಸಿದ್ರಾ,” ಎಂದರು ಧಣಿ. ತೀರ ಮೆಲ್ಲಗೆ ಅಂದರು. ಆಮೇಲೆ ರೆಸಿಡೆಂಟನ ಕಾಲರ್ ಹಿಡಿದು ಎತ್ತಿ ಗೋಡೆಗೆ ಹೊಡೆದರು.

ಉಳಿದದ್ದನ್ನು ಗುಂಪು ಮಾಡಿತು. ಆ ಹುಡುಗ ಡಾಕ್ಟರನ್ನು ನೆಲಕ್ಕೆ ಕೆಡವಿ ಒದ್ದರು. ಅವನು ತಲೆಯನ್ನು ಕೈಯಿಂದ ಮುಚ್ಚಿಕೊಂಡು ಮಂಚದ ಕೆಳಗೆ ನುಸುಳಿದ. ಒಬ್ಬ ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ತೆಗೆದುಕೊಂಡು ನನ್ನ ಯಂತ್ರಕ್ಕೆ ಹೊಡೆದ. ಪರದೆ ಪುಡಿಯಾಯಿತು. ಮತ್ತೆ ಹೊಡೆದ. “ಪ್ರಯೋಗ ಮಾಡ್ತಾರೆ ಬೇವರ್ಸಿಗಳು, ಉಪವಾಸ ಹಾಕಿ ಪ್ರಯೋಗ ಮಾಡ್ತಾರೆ,” ಎಂದು ಪ್ರತಿ ಏಟಿಗೂ ಹೇಳುತ್ತಿದ್ದ. ನನಗೆ ಹೆದರಿಕೆಗಿಂತ ರೋಷ ಹೆಚ್ಚಾಗಿತ್ತು. ಸ್ಪ್ಯಾನರ್ ನನ್ನ ಕೈಗೆ ಸಿಕ್ಕಿದ್ದರೆ ನಾನೂ ಯಾರದಾದರೂ ತಲೆ ಒಡೆಯುತ್ತಿದ್ದೆ. ಬೇರೆ ರೋಗಿಗಳು ಚೀರುತ್ತಿದ್ದರು. ಯಾರದೋ ಕಾಲು ತಾಗಿ ಮಂಚದ ಪಕ್ಕದ ಕಪಾಟು ಮಗುಚಿ ಬಿತ್ತು.

ಸ್ಟೀಲ್ ಡಬ್ಬಿ ಉರುಳಿ ಬಾಯಿ ತೆರೆಯಿತು. ಬೆಲ್ಲದ ಉಂಡೆಗಳು ಒಡೆದ ಗಾಜಿನ ಮಧ್ಯೆ ಹರಡಿದವು. ಜೊತೆಗೆ ಇನ್ನೊಂದು ವಸ್ತು ಉರುಳಿಬಂದು ನನ್ನ ಕಾಲಿಗೆ ತಾಗಿತು. ಅದು ಅವನ ಲೋಟ. ಬಾಯಿಗೆ ಬರಿ ನೀರು ಎಂದು ನಾನೇ ಇಡಿಸಿದ್ದ ಲೋಟ. ತಳದಲ್ಲಿ ಕಂದು ಬಣ್ಣದ ಪಾಕ, ಅದರಲ್ಲಿ ಮುಳುಗಿದ ಇರುವೆಗಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ರಕ್ತದ ರುಚಿಯ ಮೇಲೂ ಸಿಹಿ ಗೊತ್ತಾಯಿತು.

ಆಗ ಎಲ್ಲ ಒಟ್ಟಿಗೆ ತಿಳಿಯಿತು. ದಿನಾ ಬರುವ ಗುಂಪು. ಬಂದವರಿಗೆ ಬೆಲ್ಲ, ನೀರು. ಬಂದವರೆಲ್ಲ ಆಸರಿಗೆ ಕುಡಿಯುವಾಗ ಮಲಗಿದವನೊಬ್ಬನನ್ನು ಬಿಡುವುದು ಹೇಗೆ? ಗಟ್ಟಿ ಕೊಡಬಾರದೆಂದು ನೀರಿನಲ್ಲಿ ಕರಗಿಸಿ ಕೊಟ್ಟಿದ್ದಾರೆ, ಒಬ್ಬೊಬ್ಬರು ಬಂದಾಗಲೂ ಒಂದೊಂದು ಲೋಟ. ಅವರ ಲೆಕ್ಕದಲ್ಲಿ ಅದು ಆಹಾರವೇ ಅಲ್ಲ, ಮರ್ಯಾದೆ. ಆ ಸಕ್ಕರೆಯನ್ನು ಉರಿಸಲು ದೇಹಕ್ಕೆ ಥಯಾಮಿನ್ ಬೇಕು, ಅಂದರೆ ಬಿ ಒಂದು ಎಂಬ ಜೀವಸತ್ವ. ನಾವು ನಳಿಗೆಯಲ್ಲಿ ಕೊಡುತ್ತಿದ್ದ ಅಷ್ಟಿಷ್ಟನ್ನು ಆ ಹುಣ್ಣಾದ ಕರುಳು ಹೀರಿತೋ ಇಲ್ಲವೋ. ಇದ್ದದ್ದೂ ತೀರಿತ್ತು. ಮಿದುಳು ಹಸಿದು ಹುಚ್ಚೆದ್ದಿತ್ತು. ಈಗ ಅದರ ಮೇಲೆ ಬಾಟಲಿ ತುಂಬ ಗ್ಲೂಕೋಸ್ ಇಳಿಯುತ್ತಿತ್ತು.

ನಾನು ತೆವಳಿಕೊಂಡು ಮಂಚದ ಹತ್ತಿರ ಹೋದೆ, ಡ್ರಿಪ್ಪಿನ ಚಕ್ರವನ್ನು ತಿರುಗಿಸಿ ಮುಚ್ಚಿದೆ.

ಮಂಚದ ಕೆಳಗಿನಿಂದ ರೆಸಿಡೆಂಟ್ ನೋಡುತ್ತಿದ್ದ. ತುಟಿ ಸೀಳಿತ್ತು. “ಮೇಡಂ, ಏನು ಮಾಡ್ತಿದ್ದೀರಿ? ನೀವು ಡಾಕ್ಟರಲ್ಲ,” ಎಂದು ಹಿಂದಿಯಲ್ಲಿ ಹೇಳಿದ.

“ಗೊತ್ತು. ಮೊದಲು ಥಯಾಮಿನ್. ದೊಡ್ಡ ಡೋಸ್, ರಕ್ತನಾಳಕ್ಕೆ. ಅದು ಹೋಗುವವರೆಗೆ ಈ ಗ್ಲೂಕೋಸ್ ಬೇಡ. ಅವನ ಕಣ್ಣು ನೋಡಿದ್ದೀಯಾ?”

“ಶುಗರ್ ಬಿದ್ದು ಸತ್ತರೆ?”

“ಬೆರಳು ಚುಚ್ಚಿ ನೋಡು. ಶುಗರ್ ಬಿದ್ದಿದ್ದರೆ ನಾನೇ ತೆರೆದುಕೊಡ್ತೀನಿ.”

ಅಷ್ಟರಲ್ಲಿ ಸೆಕ್ಯುರಿಟಿಯವರು, ಹಿಂದೆಯೇ ಪೊಲೀಸರು ನುಗ್ಗಿದರು. ಗುಂಪಿನವರಲ್ಲಿ ಅರ್ಧ ಜನ ಕಿಟಕಿ, ಮೆಟ್ಟಿಲು ಎಂದು ಚದುರಿದರು. ಧಣಿ ಓಡಲಿಲ್ಲ. ಅಳಿಯನ ಮಂಚದ ಕಂಬಿ ಹಿಡಿದು ನಿಂತಿದ್ದರು. ಗಲಾಟೆ ಕೇಳಿ ಬಂದ ಉಳಿದ ರೆಸಿಡೆಂಟರು ಗೆಳೆಯನನ್ನು ಎಬ್ಬಿಸಿ ಹೆಗಲು ಕೊಟ್ಟು, ಈ ರೋಗಿಯನ್ನು ಇಲ್ಲಿಂದ ಸಾಗಿಸುವವರೆಗೆ ಯಾರೂ ಈ ವಾರ್ಡಿಗೆ ಕಾಲಿಡುವುದಿಲ್ಲ ಎಂದು ಹೇಳಿ ಹೊರಟರು. ಅವರದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ಅವರ ಹೆಗಲಿಗೆ ಒರಗಿ ಹೊರಟಿದ್ದ, ಪೆಟ್ಟು ತಿಂದ ಆ ಹುಡುಗನೇ ಬಾಗಿಲಲ್ಲಿ ನಿಂತ. ತಿರುಗಿ ಬಂದು ರೋಗಿಯ ಬೆರಳು ಚುಚ್ಚಿದ, ಮೀಟರ್ ನೋಡಿದ. ಸಕ್ಕರೆ ಬಿದ್ದಿರಲಿಲ್ಲ, ಏರಿತ್ತು. ಅವನು ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಅವರು ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ಕಣ್ಣಿನ ವಿಷಯ, ಬೆಲ್ಲದ ವಿಷಯ ಹೇಳಿದೆ. “ಥಯಾಮಿನ್ ಕೊಡಿ, ಈಗಲೇ. ಜೊತೆಗೆ ಮೆಗ್ನೀಸಿಯಂ, ರಂಜಕ,” ಎಂದರು.

ಔಷಧಿ ಇತ್ತು. ಕಚ್ಚಿಸಿಕೊಂಡ ಸಿಸ್ಟರ್ ಒಂದೇ ಕೈಯಲ್ಲಿ ಸಿರಿಂಜ್ ತುಂಬಿದರು. ಆದರೆ ಅವನ ಒಂದು ಕೈ ಕಟ್ಟು ಬಿಚ್ಚಿಕೊಂಡಿತ್ತು, ಸೂಜಿ ಇದ್ದದ್ದು ಅದೇ ಕೈಯಲ್ಲಿ. ಅವನು ಅದನ್ನು ಬೀಸುತ್ತಿದ್ದ. ಸೂಜಿ ಕಿತ್ತುಬಂದರೆ ಆ ಮೈಯಲ್ಲಿ ಇನ್ನೊಂದು ನರ ಹುಡುಕುವುದು ಸಾಧ್ಯವಿರಲಿಲ್ಲ. ಹಿಡಿಯುವವರು ಬೇಕಾಗಿತ್ತು. ವಾರ್ಡ್‌ಬಾಯ್‌ಗಳೂ ಹೋಗಿಯಾಗಿತ್ತು. ಅಲ್ಲಿದ್ದ ಗಟ್ಟಿ ಕೈ ಒಂದೇ, ಅದನ್ನು ಆಗಷ್ಟೇ ಹವಾಲ್ದಾರ ಹಿಡಿದುಕೊಂಡಿದ್ದ.

“ಇವರನ್ನು ಬಿಡಿ,” ಅಂದೆ.

“ಮಾರಪೀಟ್ ಇಸೀನೇ ಕಿಯಾ ನಾ, ಮ್ಯಾಡಮ್?”

“ಹೌದು, ಹೊಡೆದದ್ದು ಇವರೇ. ನಾನೇ ಬಂದು ದೂರು ಬರೆದುಕೊಡ್ತೀನಿ. ಈಗ ನನಗೆ ಇವರ ಕೈ ಬೇಕು.”

ಹವಾಲ್ದಾರ ನನ್ನ ಮುಖ ನೋಡಿದ. ಆ ಮುಖದ ಮೇಲೆ ಅಷ್ಟು ರಕ್ತ ಇದ್ದದ್ದರಿಂದಲೋ ಏನೋ, ಬಿಟ್ಟ.

“ಧಣಿ,” ಅಂದೆ. ಮೂಗು ಕಟ್ಟಿ ಮಾತು ಗೊಗ್ಗರಾಗಿ ಬರುತ್ತಿತ್ತು. “ಇವನಿಗೆ ಬೆಲ್ಲದ ನೀರು ಕೊಟ್ಟಿರಾ?”

“ಆಸರಿಗೆ ಕೊಟ್ಟದ್ದು,” ಅಂದರು. “ಊಟ ಎಂತದ್ದೂ ಕೊಡ್ಲಿಲ್ಲ. ದೇವರಾಣೆ. ನೀವು ಹೇಳಿದ ಮೇಲೆ ಒಂದು ಅಗುಳು ಕೊಡ್ಲಿಲ್ಲ ಮೇಡಂ.”

“ಅದೇ ಬೆಲ್ಲ ಇವನ ತಲೆಗೆ ಏರಿದೆ. ಆವತ್ತು ನಾನು ಹೇಳಿದ್ದೇ ಆಯಿತು. ಈಗ ಈ ಕೈ ಹಿಡಿಯಿರಿ. ಏನಾದರೂ ಬಿಡಬೇಡಿ.”

ಅವರ ಮುಖ ಕಪ್ಪಿಟ್ಟಿತು. ಮಂಚದ ಮೇಲೆ ಬಗ್ಗಿ, ಅಳಿಯನ ಮೊಣಕೈಯನ್ನೂ ಮಣಿಕಟ್ಟನ್ನೂ ಹಿಡಿದರು. ಅವನು ಮಾವನ ಮುಖಕ್ಕೆ ಉಗಿದ. ತಲೆಯಿಂದ ಅವರ ಬಾಯಿಗೆ ಗುದ್ದಿದ, ಹಲ್ಲು ತಾಗಿ ತುಟಿ ಒಡೆಯಿತು. ತುಳುವಿನಲ್ಲಿ ಹೇಳಬಾರದ್ದನ್ನೆಲ್ಲ ಹೇಳಿದ, ತಾಯಿಯನ್ನೂ ಬಿಡಲಿಲ್ಲ. ಆ ತಾಯಿ ಇವರ ಬೆನ್ನಿಗೆ ಬಿದ್ದ ತಂಗಿ. ಧಣಿ ಕಣ್ಣು ಮುಚ್ಚಿ ಹಿಡಿದೇ ಇದ್ದರು. ಸಿಸ್ಟರ್ ನಿಧಾನವಾಗಿ ಔಷಧಿ ಇಳಿಸಿದರು. ಅದನ್ನು ಅವಸರದಲ್ಲಿ ಕೊಡುವ ಹಾಗಿಲ್ಲ. ನಾನು ಇನ್ನೊಂದು ಕಡೆಯಿಂದ ಅವನ ಭುಜದ ಮೇಲೆ ನನ್ನ ಇಡೀ ಭಾರ ಹಾಕಿದ್ದೆ. ನನ್ನ ಮೂಗಿನ ರಕ್ತ ಅವನ ಕುತ್ತಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಕತ್ತಲಾಗುವ ಮೊದಲು ಅವನ ಕಣ್ಣಿನ ಜಗ್ಗಾಟ ಕಡಿಮೆಯಾಯಿತು. ಸುಸ್ತಾಗಿ ಮಲಗಿದ. ಮುಖ್ಯಸ್ಥರು ಬಂದು ನೋಡಿ, ಉಳಿಯುತ್ತಾನೆ ಎಂದರು. ನಾನು ಮೂಗಿಗೆ ಪಟ್ಟಿ ಹಾಕಿಸಿಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರಿಗೆ ಸಹಿ ಹಾಕಿದೆ. ಹೋಟೆಲಿನ ಹುಡುಗನೊಬ್ಬ ಬಂದು, ಧಣಿಗಳು ಒಳ್ಳೆಯವರು, ಬಿಟ್ಟುಬಿಡಿ ಎಂದು ಕೈಮುಗಿದ. ಒಳ್ಳೆಯವರೇ. ಆದರೆ ಆ ರೆಸಿಡೆಂಟ್ ಹುಡುಗನ ಪಕ್ಕೆಲುಬು ಮುರಿದಿತ್ತು, ಅವನಿಗೂ ಎಲ್ಲೋ ಒಬ್ಬ ಮಾವ ಇರುತ್ತಾನೆ. ನಾನು ಸಹಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಜಾಮೀನಿನ ಮೇಲೆ ಬಂದ ಧಣಿಯೂ ಅದರ ಬಗ್ಗೆ ಒಂದು ಮಾತು ಎತ್ತಲಿಲ್ಲ. ಅವರು ಮೊದಲು ಹೋದದ್ದು ಆ ರೆಸಿಡೆಂಟ್ ಮಲಗಿದ್ದ ಕೋಣೆಗೆ, ಕಾಲು ಹಿಡಿಯಲು. ಅವನು ಕಾಲು ಎಳೆದುಕೊಂಡನಂತೆ.

ಅಧ್ಯಯನದಿಂದ ಆ ರೋಗಿಯನ್ನು ಕೈಬಿಟ್ಟೆವು. ಯಂತ್ರ ಗುಜರಿಗೆ ಹೋಯಿತು. ಅವನನ್ನು ಉಣ್ಣಿಸುವ ಕೆಲಸ ಮಾತ್ರ ಉಳಿಯಿತು. ಮತ್ತೆ ನಳಿಗೆ, ಮತ್ತೆ ಕಾಲು ಭಾಗದಿಂದ ಆರಂಭ, ದಿನಾ ರಕ್ತ ಪರೀಕ್ಷೆ, ದಿನಾ ಥಯಾಮಿನ್. ಆಸ್ಪತ್ರೆಯವರು ಧಣಿಗೆ ವಾರ್ಡಿನ ಬಾಗಿಲಿನವರೆಗೆ ಮಾತ್ರ ಬರಲು ಬಿಟ್ಟಿದ್ದರು. ಅವರು ಅಲ್ಲೇ ನಿಂತು, ನೋಡಲು ಬಂದ ಊರವರನ್ನು ಕೈಮುಗಿದು ವಾಪಸು ಕಳಿಸುತ್ತಿದ್ದರು. ಡಬ್ಬಿ ಇರಲಿಲ್ಲ. ಬೊರಿವಲಿಯಿಂದ ಲೋಕಲಿನಲ್ಲಿ ಬೆವರಿಕೊಂಡು ಬಂದ ಮುದುಕರೊಬ್ಬರು ಬಾಯಾರಿಕೆ ಎಂದಾಗ, ಕೆಳಗೆ ಕ್ಯಾಂಟೀನ್ ಉಂಟು ಎಂದು ತೋರಿಸಿದರು. ಹಾಗೆ ಹೇಳುವಾಗ ಅವರು ಆ ಮುದುಕರ ಮುಖ ನೋಡಲಿಲ್ಲ.

ವಾರಗಳು ಕಳೆದವು. ಅವನ ಕೆನ್ನೆ ತುಂಬತೊಡಗಿತು. ಏಟಿನ ದಿನದ ಯಾವುದೂ ಅವನಿಗೆ ನೆನಪಿರಲಿಲ್ಲ. ಒಂದು ದಿನ ಸರ್ಜನ್, ಈಗ ಅವನ ಮುಷ್ಟಿಯ ಬಲ ಎಷ್ಟಿದೆ ನೋಡಿ ಹೇಳಿ, ತಾರೀಕು ಕೊಡುತ್ತೇನೆ ಎಂದರು. ಸ್ಪ್ಯಾನರಿನಿಂದ ಉಳಿದುಕೊಂಡಿದ್ದ ನನ್ನ ಒಂದೇ ಉಪಕರಣ ಅದು. ತೆಗೆದುಕೊಂಡು ಹೋದೆ. ಸಿಸ್ಟರ್ ಆ ದಿನ 'ಪಾಂಚ್ ಮಿನಿಟ್' ಎಂದು ಧಣಿಯನ್ನೂ ಒಳಗೆ ಬಿಟ್ಟಿದ್ದರು.

ಅವನು ದಿಂಬಿಗೆ ಒರಗಿ ಕುಳಿತಿದ್ದ. ನನ್ನ ಮುಖದ ಪಟ್ಟಿ ತೆಗೆದು ಅದು ಮೊದಲ ದಿನ, ಮೂಗು ಸೊಟ್ಟಗಾದದ್ದು ಅವನಿಗೆ ಕಂಡದ್ದು ಆಗಲೇ.

“ಮೇಡಂ, ನಿಮ್ಮ ಮೂಗಿಗೆ ಎಂತ ಆದದ್ದು?” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಧಣಿ, “ನಾನು ಹೊಡೆದದ್ದು,” ಅಂದರು.

ಅವನಿಗೆ ಅರ್ಥವಾಗಲಿಲ್ಲ. ಧಣಿ ಮತ್ತೆ ಹೇಳಿದರು. “ಆವತ್ತು ಗಲಾಟೆಯಲ್ಲಿ. ಪೊಲೀಸ್ ಕೇಸ್ ಆದದ್ದು ಸುಮ್ಮನೆ ಅಲ್ಲ.” ನನ್ನ ಕಡೆ ಒಂದು ಸಲ ನೋಡಿದರು. ನಿಜ ಹೇಳಹೊರಟಿದ್ದ ನಾನು ಕೈಯಲ್ಲಿದ್ದ ಉಪಕರಣದ ಮುಳ್ಳನ್ನು ಸೊನ್ನೆಗೆ ತಿರುಗಿಸತೊಡಗಿದೆ.

“ನಂಗೆ ಅನ್ನ ಹಾಕುವವರಿಗೆ ಹೊಡೆದ್ರಾ ಮಾಮ? ಹೆಂಗಸಿಗೆ?” ಎಂದ ಅವನು. ಆಮೇಲೆ ಮುಂದಕ್ಕೆ ಬಗ್ಗಿ, ಬಲಗೈ ಎತ್ತಿ, ಮಾವನ ಕೆನ್ನೆಗೆ ಬಿಟ್ಟ. ಅವರಲ್ಲಿ ಅಳಿಯ ಸೋದರಮಾವನ ಎದುರು ದನಿ ಎತ್ತುವುದೂ ಇಲ್ಲ. ಸದ್ದು ವಾರ್ಡಿನ ಆ ತುದಿಯವರೆಗೆ ಕೇಳಿಸಿತು. ಸಿಸ್ಟರ್ ಓಡಿಬಂದರು. ಅವನು ತನ್ನ ಕೈಯನ್ನೇ ನೋಡಿಕೊಂಡು ಅಳಲು ಶುರುಮಾಡಿದ.

ಧಣಿಯ ಕೆನ್ನೆಯ ಮೇಲೆ ಬೆರಳುಗಳು ಒಂದೊಂದಾಗಿ ಮೂಡುತ್ತಿದ್ದವು. ಅವರು ನನ್ನ ಕೈಯಲ್ಲಿದ್ದ ಉಪಕರಣ ನೋಡಿದರು, ಅಳಿಯನ ಕೈ ನೋಡಿದರು.

“ಬಲ ಬಂದಿದೆ ಅಲ್ವಾ ಮೇಡಂ,” ಅಂದರು.

“ಬಂದಿದೆ ಧಣಿ,” ಅಂದೆ. ಆದರೂ ಉಪಕರಣವನ್ನು ಅವನ ಕೈಗೆ ಕೊಟ್ಟು ಅಮುಕಲು ಹೇಳಿದೆ. ಸರ್ಜನ್‌ಗೆ ಸಂಖ್ಯೆ ಬೇಕಾಗಿತ್ತು.